ಒಂಬತ್ತನೆಯ ಕಲ್ಲು

ಮಧ್ಯಾಹ್ನ ಮೂರು ಗಂಟೆಗೇ ದೀಪ ಹಚ್ಚುವ ಹೊತ್ತಿನ ಕತ್ತಲೆ ಕವಿದಿತ್ತು. ಬಸ್ಸಿನಿಂದ ಇಳಿದ ಇಪ್ಪತ್ತೆರಡು ಜನ ಚಪ್ಪಲಿ ಬಿಟ್ಟು ದೇವಸ್ಥಾನದ ಅಂಗಳವನ್ನು ಅರ್ಧ ದಾಟುವಷ್ಟರಲ್ಲಿ ಮಳೆ ಸುರಿಯತೊಡಗಿತು. ಕೈಚೀಲ, ಶಾಲು, ಊರಿನ ನಕಾಶೆ, ಕೈಗೆ ಸಿಕ್ಕಿದ್ದನ್ನು ತಲೆಯ ಮೇಲೆ ಹಿಡಿದುಕೊಂಡು ಎಲ್ಲರೂ ಮಂಟಪದೊಳಕ್ಕೆ ಓಡಿಬಂದರು. ಕೊನೆಯಲ್ಲಿ ಬಂದವನು ಬಸ್ಸಿನ ಡ್ರೈವರ್. ಅಂಗಿಯ ತುದಿ ಹಿಂಡುತ್ತಾ, "ಒಳ್ಳೇ ದರ್ಶನ ಆಯ್ತಪ್ಪ, ಅಭಿಷೇಕ ನಮಗೇ" ಎಂದ. ನಾಲ್ಕು ಜನ ನಕ್ಕರು.

ನಾನು ಪಡುವಣ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದೆ. ಅದು ನನ್ನ ಜಾಗ. ತೊಡೆಯ ಮೇಲೆ ಕನ್ನಡಿ. ಇರಚಲು ತಾಗಬಾರದೆಂದು ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಎರಡು ಗಂಟು ಹಾಕಿದ್ದೆ.

ಈ ದೇವಸ್ಥಾನಕ್ಕೆ ಪ್ರವಾಸಿಗರು ಬರುವುದು ಮಂಟಪದ ಚಾವಣಿಯ ಕೆತ್ತನೆ ನೋಡಲು. ಸಾಲಿಗೆ ಮೂರರಂತೆ ಅಲ್ಲಿ ಒಂಬತ್ತು ಕಲ್ಲುಗಳಿವೆ. ಆದರೆ ಮಂಟಪಕ್ಕೆ ಕಿಟಕಿಯಿಲ್ಲ. ನಡುಹಗಲಲ್ಲೂ ಮೇಲೆ ನೋಡಿದರೆ ಬಾವಿಯೊಳಗೆ ಇಣುಕಿದ ಹಾಗೆ. ಶಾಖಕ್ಕೆ ಕಲ್ಲು ಕೆಡುತ್ತದೆಂದು ದೀಪವನ್ನೂ ಹಾಕಿಲ್ಲ. ಅದಕ್ಕೇ ಕನ್ನಡಿ. ಬಾಗಿಲ ಹೊರಗೆ ಒಬ್ಬರು ಕನ್ನಡಿ ಹಿಡಿದು ಕೂತು ಬಿಸಿಲನ್ನು ಒಳಕ್ಕೆ ಎಸೆಯಬೇಕು. ಒಳಗೆ ಗೈಡ್ ಯಾವ ಕಲ್ಲಿನ ಕತೆ ಹೇಳುತ್ತಾರೋ ಆ ಕಲ್ಲಿನ ಮೇಲೆ ಬೆಳಕು ನಿಲ್ಲಬೇಕು. ಗೈಡ್ ನಮ್ಮಜ್ಜ, ಅಮ್ಮನ ಅಪ್ಪ. ಆರು ವರ್ಷದಿಂದ ಕನ್ನಡಿ ಹಿಡಿಯುತ್ತಿರುವವಳು ನಾನು. ಏಳನೆಯ ತರಗತಿಯಲ್ಲಿ, ಎದ್ದು ನಿಂತು ಪಾಠ ಓದು ಎಂದಾಗಲೆಲ್ಲ ನನ್ನ ಬಾಯಿಂದ ಒಂದಕ್ಷರವೂ ಹೊರಡುತ್ತಿರಲಿಲ್ಲ. ಒಂದು ದಿನ ಶಾಲೆಗೆ ಹೋಗದೆ ಉಳಿದೆ, ಮಾರನೆಯ ದಿನವೂ ಹೋಗಲಿಲ್ಲ, ಆಮೇಲೆ ಯಾರೂ ಕೇಳಲಿಲ್ಲ. ಬಾಯಿ ಬಿಡದೆ ಮಾಡುವ ಕೆಲಸವೊಂದು ಸಿಕ್ಕಿತಲ್ಲ ಎಂದು ಸಮಾಧಾನದಿಂದಿದ್ದೆ.

ಈಗ ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದಿದೆ. ದೇವಸ್ಥಾನದ ಆಫೀಸಿನ ಮೇಲ್ವಿಚಾರಕರು ಹಿಂದಿನ ದಿನ ಖಡಾಖಂಡಿತವಾಗಿ ಹೇಳಿದ್ದರು: ಅಜ್ಜನ ಜಾಗದಲ್ಲಿ ಮೊಮ್ಮಗಳು ನಿಂತು ಒಂದು ಗುಂಪಿಗೆ ಪೂರ್ತಿ ಹೇಳಿ ತೋರಿಸಬೇಕು. ಆಗದಿದ್ದರೆ ಬರುವ ತಿಂಗಳಿಂದ ಕಿವಿಗೆ ಸಿಕ್ಕಿಸಿಕೊಂಡರೆ ತಾನೇ ಕತೆ ಹೇಳುವ ಯಂತ್ರ ಬರುತ್ತದೆ, ಶಾಖವಿಲ್ಲದ ಹೊಸ ದೀಪ ಬರುತ್ತದೆ; ಕನ್ನಡಿಯೂ ಬೇಡ, ನಾವೂ ಬೇಡ. ಮನೆಗೆ ಬಂದು ಅಜ್ಜನನ್ನು ಕೇಳಿದೆ, ನಾನು ಮಾತಾಡಲು ನಿಂತರೆ ಕನ್ನಡಿ ಹಿಡಿಯುವವರು ಯಾರು ಎಂದು. "ಅದರ ಚಿಂತೆ ನಿಂಗ್ಯಾಕೆ" ಎಂದು ಅಜ್ಜ ಮಗ್ಗುಲು ಬದಲಿಸಿದ್ದರು.

ಮೇಲ್ವಿಚಾರಕರು ಕಂಬಕ್ಕೊರಗಿ ಗಡಿಯಾರ ನೋಡಿದರು. "ಶುರು ಮಾಡಮ್ಮ."

ಕನ್ನಡಿಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತೆ. ಇಪ್ಪತ್ತೆರಡು ಮುಖ ನನ್ನತ್ತ ತಿರುಗಿದವು. ಬಾಯಿ ತೆರೆದೆ. ಗಾಳಿ ಮಾತ್ರ ಬಂತು.

"ಪಾಪ, ಹೊಸಬಳು ಅಂತ ಕಾಣ್ತದೆ" ಎಂದರು ಹಸಿರು ಶಾಲು ಹೊದ್ದು, ದಪ್ಪ ಗಾಜಿನ ಕನ್ನಡಕ ಹಾಕಿದ್ದ ಹೆಂಗಸೊಬ್ಬರು.

"ಹೇಳಿದ್ರೂ ಏನ್ ನೋಡೋದು? ಮೇಲೆ ಎಲ್ಲಾ ಒಂದೇ ಕಪ್ಪು" ಎಂದ ಡ್ರೈವರ್.

ನಾನು ಹಿಂದೆ ಸರಿದು ಮೆಟ್ಟಿಲ ಮೇಲೆ ಕುಸಿದು ಕೂತೆ. ಮೇಲ್ವಿಚಾರಕರು ನಾಲಿಗೆಯಿಂದ ಲೊಚ್ ಎಂದು ಸದ್ದು ಮಾಡಿದ್ದು ಅಲ್ಲಿಗೂ ಕೇಳಿಸಿತು. ಆಗಲೇ ಅಜ್ಜ ಕೋಲು ಊರಿಕೊಂಡು ಬಂದು, ಮಂಟಪದ ನಡುವಿನ ನುಣುಪಾದ ಕಲ್ಲಿನ ಮೇಲೆ ಮಂಡಿ ಹಿಡಿದುಕೊಂಡು ಕೂತದ್ದು.

"ಹುಡುಗಿ ಆಮೇಲೆ ಹೇಳ್ತಾಳೆ. ಹೊರಗೆ ಹೋಗೋ ಹಾಗಿಲ್ಲ, ಒಳಗೆ ನೋಡೋ ಹಾಗಿಲ್ಲ. ಕೂತ್ಕೊಳ್ಳಿ, ನಾನೊಂದು ಹೇಳ್ತೀನಿ."

"ತಾತ, ನೀವು ಹೇಳಿದ್ರೆ ಅದು ಇವಳ ಪರೀಕ್ಷೆ ಆಗಲ್ಲ" ಎಂದರು ಮೇಲ್ವಿಚಾರಕರು.

"ಆಗ್ಲಿ ಅಂತ ಯಾರಂದ್ರು? ನೀವೂ ಕೂತ್ಕೊಳ್ಳಿ. ನಿಂತೇ ಕೇಳಿದ್ರೆ ಕಾಲಿಗೆ ಕತೆ ಹತ್ತಲ್ಲ."

ಜನ ಒಬ್ಬೊಬ್ಬರಾಗಿ ಕೂತರು. ಅಜ್ಜ ಮಳೆಯ ಸದ್ದಿಗಿಂತ ಒಂದು ಮೆಟ್ಟಿಲು ಮೇಲಕ್ಕೆ ದನಿ ಏರಿಸಿದರು.

"ಇದು ನನ್ನಾಕೆ ಕತೆ. ಆ ಹುಡುಗಿ ಅಜ್ಜಿದು. ದೆವ್ವದ ಕತೆ ಅನ್ನಬೇಕೋ ಬೇಡ್ವೋ ನಂಗೊತ್ತಿಲ್ಲ, ಕೊನೇಲಿ ನೀವೇ ಹೇಳಿ... ನಾನು ಗೈಡ್ ಆದ ಹೊಸದರಲ್ಲಿ ಇಲ್ಲಿ ಕನ್ನಡಿ ಗಿನ್ನಡಿ ಏನೂ ಇರಲಿಲ್ಲ, ಒಂದು ಬ್ಯಾಟರಿ ಇತ್ತು, ಅದರ ಬೆಳಕು ಅಷ್ಟೆತ್ತರ ಹೋಗೋದ್ರೊಳಗೆ ಸುಸ್ತಾಗಿ ಬಿದ್ದುಹೋಗೋದು. ನಾನು 'ಅಗೋ ಆನೆ ಸಾಲು, ಅಗೋ ಕುಣಿಯೋ ಗಣಪ' ಅನ್ನೋನು, ಜನ 'ಹೌದೌದು' ಅನ್ನೋರು. ಏನ್ ಕಾಣ್ತಿತ್ತು ಅವರಿಗೆ? ನನ್ನ ಮರ್ಯಾದೆ ಉಳಿಸೋಕೆ ಅನ್ನೋರು, ಅಷ್ಟೆ! ಹೀಗಿರೋವಾಗ ಒಂದು ದಿನ ಇವಳು ನಂಗೆ ಊಟದ ಡಬ್ಬಿ ತಂದ್ಲು. ಮದುವೆ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಳಗೆ ಜನ ಇದಾರೆ ಅಂತ ನಾಚಿಕೊಂಡು ಆ ಬಾಗಿಲ ಹೊರಗೇ ಕೂತು ಡಬ್ಬಿ ಮುಚ್ಚಳ ತೆಗೆದಿದಾಳೆ... ಮುಚ್ಚಳಕ್ಕೆ ಬಿಸಿಲು ಬಿದ್ದು, ಇಲ್ಲಿ ಚಾವಣಿ ಮೇಲೆ ಬೆಳಕು ಗಿರಕಿ ಹೊಡೀತು ನೋಡಿ! ಜನ ಎಲ್ಲಾ 'ಆಹಾ' ಅಂದುಬಿಟ್ರು. ಎರಡು ವರ್ಷದಿಂದ ಬಾಯಿ ನೋಯಿಸ್ಕೊಂಡವನು ನಾನು, ಆಹಾ ಅನ್ನಿಸ್ಕೊಂಡಿದ್ದು ಊಟದ ಡಬ್ಬಿ."

ಡ್ರೈವರ್ ಜೋರಾಗಿ ನಕ್ಕ.

"ಆವತ್ತು ಸಂಜೆ ಮನೆಗೆ ಹೋದವನೇ ಬೀರುವಿನ ಬಾಗಿಲಲ್ಲಿದ್ದ ಕನ್ನಡಿ ಬಿಚ್ಚಿದೆ. ಅವಳ ತವರಿಂದ ಬಂದ ಬೀರು ಅದು. ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ಲು. 'ನಾನು ಮುಖ ಎಲ್ಲಿ ನೋಡ್ಕೊಳ್ಲಿ ಇನ್ಮೇಲೆ?' ನಾನೂ ಆಗ ಹುಡುಗ, ಬಾಯಿ ಸುಮ್ನಿರ್ತದಾ? 'ನನ್ನ ಕಣ್ಣಲ್ಲಿ ನೋಡ್ಕೋ' ಅಂದೆ. ಅದಕ್ಕವಳು, 'ನಿಮ್ಮ ಕಣ್ಣಿಗೆ ಪೊರೆ ಬಂದ್ರೆ?' ಅಂದ್ಲು. ನೋಡಿ... ಬಂತಲ್ಲ!"

ಅಜ್ಜ ತಮ್ಮಷ್ಟಕ್ಕೆ ನಕ್ಕು, ತೋಳಿನಿಂದ ಕಣ್ಣು ಒರೆಸಿಕೊಂಡರು.

"ಇಪ್ಪತ್ತು ವರ್ಷ, ತಾಯಿ. ನಾನು ಒಳಗೆ, ಅವಳು ಹೊರಗೆ, ನಡುವೆ ಬಾಗಿಲು. ನನ್ನ ಮುಖ ಅವಳಿಗೆ ಕಾಣ್ತಿರಲಿಲ್ಲ, ಅವಳ ಮುಖ ನಂಗೆ ಕಾಣ್ತಿರಲಿಲ್ಲ. ಆದರೆ ನನ್ನ ಬಾಯಿಂದ 'ಆನೆ' ಅನ್ನೋ ಮಾತು ಹೊರಡೋಕ್ಕೆ ಮುಂಚೆ ಬೆಳಕು ಆನೆ ಮೇಲೆ ಇರ್ತಿತ್ತು. ನಾನೊಂದು ಸುಳ್ಳು ಸೇರಿಸಿದ್ರೆ... ಗೈಡ್ ಅಂದ್ಮೇಲೆ ಸೇರಿಸದೆ ಇರ್ತೀನಾ... ಬೆಳಕು ಗಲಗಲ ಅಲುಗೋದು. ಹೊರಗೆ ಕೂತು ನಗ್ತಿದಾಳೆ ಅಂತ ನಂಗೆ ಗೊತ್ತಾಗೋದು. ಮಾತು ಉದ್ದ ಆದ್ರೆ ಬೆಳಕು ಮೆಲ್ಲಗೆ ಕಂಬ ಇಳಿದು ನನ್ನ ಹೊಟ್ಟೆ ಮೇಲೆ ಬಂದು ನಿಲ್ಲೋದು. ಸಾಕು, ಊಟಕ್ಕೆ ಬನ್ನಿ ಅಂತ! ಬೆಳಿಗ್ಗೆ ಮನೇಲಿ ಜಗಳ ಆಗಿದ್ರೋ, ಕೇಳಲೇಬೇಡಿ, ಇಡೀ ದಿನ ಬೆಳಕು ನನ್ನ ಕಣ್ಣಿಗೇ. ಕಣ್ಣು ಮುಚ್ಕೊಂಡೇ ಎಂಟು ಕತೆ ಹೇಳಿದ ದಿನಗಳಿವೆ."

"ಎಂಟೇ ಯಾಕೆ? ಒಂಬತ್ತು ಕಲ್ಲಲ್ವಾ?" ಎಂದರು ಹಸಿರು ಶಾಲಿನವರು.

ಮಳೆ ಒಂದು ಸುತ್ತು ಜೋರಾಗಿ ಬಂದು ಹೋಯಿತು.

"ಅಲ್ಲಿಗೇ ಬರ್ತಿದೀನಿ, ತಾಯಿ. ಒಂಬತ್ತನೇದು ಬೋಳು. ಕೆತ್ತೋಕೆ ಅಂತ ನಯ ಮಾಡಿ, ಅಂಚಿಗೆ ಗೆರೆ ಹಾಕಿ, ಬಿಟ್ಟುಬಿಟ್ಟಿದಾನೆ ಪುಣ್ಯಾತ್ಮ. ಯಾಕೆ ಬಿಟ್ಟ? ಕೈ ಹೋಯ್ತಾ? ಕಣ್ಣು ಹೋಯ್ತಾ? ಯಾರಿಗೂ ಗೊತ್ತಿಲ್ಲ. ನಂಗೆ ಕೆಲಸ ಕಲಿಸಿದ ಹಿರಿಯರು ಎಂಟು ಕಲ್ಲಿಗೆ ಎಂಟು ಕತೆ ಕೊಟ್ಟಿದ್ರು, ಒಂಬತ್ತನೇದಕ್ಕೆ 'ಅದು ಖಾಲಿ, ಬನ್ನಿ ಮುಂದೆ' ಅನ್ನು ಅಂದಿದ್ರು. ನಾನೂ ಹಂಗೇ ಅಂತಿದ್ದೆ. ಆದರೆ ಇವಳು ಬಿಡ್ತಿರಲಿಲ್ಲ, ದಿನಾ ಕೊನೇಲಿ ಬೆಳಕು ತಂದು ಅದರ ಮೇಲೆ ನಿಲ್ಲಿಸೋಳು. ಮನೇಲಿ ಕೇಳೋಳು, 'ರೀ, ಅದಕ್ಕೂ ಒಂದು ಕತೆ ಹೇಳ್ರೀ.' 'ಖಾಲಿ ಕಲ್ಲಿಗೆ ಏನ್ ಕತೆ ಹೇಳೋದೇ?' 'ಅಲ್ಲಿ ಯಾರ ಮುಖ ಇರಬೇಕಿತ್ತೋ ಅದನ್ನೇ ಹೇಳಿ.' 'ಸರಿ, ನಾಳೆ ಹೇಳ್ತೀನಿ ಬಿಡು.' ಇಪ್ಪತ್ತು ವರ್ಷ ನಾಳೆ ಅಂದೆ. ಇವಳಿಗೇನು ಅಷ್ಟು ಹಟ ಅಂತ ಒಂದು ದಿನವಾದ್ರೂ ಯೋಚಿಸಿದ್ನಾ? ಇಲ್ಲ. ಆಮೇಲೆ ಒಂದು ಸಲ, ಮಳೆಗಾಲದ ಕೊನೇಲಿ, ಎಂಟು ದಿನ ಜ್ವರ ಅಂತ ಮಲಗಿದ್ಲು. ಒಂಬತ್ತನೇ ದಿನ ಇರಲಿಲ್ಲ."

ನಾನು ಎಂದಿನಂತೆ ಜನರ ಮುಖ ನೋಡುತ್ತಾ ಕೂತಿದ್ದೆ. ನನ್ನ ಜಾಗದಿಂದ ಚಾವಣಿ ಕಾಣುವುದಿಲ್ಲ. ಕನ್ನಡಿಯನ್ನು ಕೆಳಗಿನ ಮೆಟ್ಟಿಲಲ್ಲಿ ಓರೆಯಾಗಿ ಹಿಡಿದರೆ ಬೆಳಕು ತೂರಿ ಹೋಗುತ್ತದೆ, ಮೇಲೆ ಕೂತವಳ ಕಣ್ಣಿಗೆ ಮಾತ್ರ ಬಾಗಿಲ ತಲೆಯ ಕಲ್ಲು ಅಡ್ಡ. ಬೆಳಕು ಎಲ್ಲಿ ಬಿದ್ದಿದೆ ಎಂದು ನಾನು ತಿಳಿಯುವುದು ಜನರ ಕತ್ತುಗಳಿಂದ. ಬಲಕ್ಕೆ ವಾಲಿದರೆ ಆನೆ ಸಾಲು, ನೇರ ಹಿಂದಕ್ಕೆ ಬಿದ್ದರೆ ಗಣಪ. ಆಗ ಕಂಡದ್ದು ಏನೆಂದರೆ, ಕತೆ ಹೇಳುವವರ ಮುಖ ನೋಡುತ್ತಿದ್ದವರೆಲ್ಲ ಯಾವಾಗಲೋ ಮೇಲೆ ನೋಡತೊಡಗಿದ್ದರು. ಎಲ್ಲರ ಕತ್ತೂ ಎಡಕ್ಕೆ, ಮೂಲೆಯ ಕಡೆಗೆ. ಬೋಳು ಕಲ್ಲಿನ ಮಾತು ಬಂತಲ್ಲ, ಕತ್ತಲಲ್ಲಿ ಅದನ್ನು ಹುಡುಕುತ್ತಿದ್ದಾರೆ ಅಂದುಕೊಂಡೆ.

"ಆಮೇಲೆ ತಿಂಗಳು ಕಳೀತು" ಎಂದರು ಅಜ್ಜ. "ಕನ್ನಡೀನ ಮತ್ತೆ ಬೀರುವಿಗೆ ಹಾಕಿ ತಿರುಪು ಬಿಗಿದಿದ್ದೆ. ಹಳೇ ಬ್ಯಾಟರಿ ತಗೊಂಡು ಕೆಲಸಕ್ಕೆ ಬಂದೆ. ಆವತ್ತೂ ಹಿಂಗೇ ಮೋಡ, ಬಿಸಿಲು ಅನ್ನೋದು ಮರೆತೇಹೋಗಿತ್ತು. ಎಂಟು ಕತೆ ಹೇಳಿದೆ, ಬನ್ನಿ ಮುಂದೆ ಅಂದೆ. ಯಾರೂ ಬರಲಿಲ್ಲ. ಎಲ್ಲಾ ಮೇಲೆ ನೋಡ್ತಿದಾರೆ. ಒಬ್ಬರು ಕೇಳಿದ್ರು, 'ಅದೇನು, ಅದರ ಕತೆ ಹೇಳಲ್ವಾ?' ನಾನು ತಲೆ ಎತ್ತಿದೆ... ಬೋಳು ಕಲ್ಲಿನ ಮೇಲೆ ಬೆಳಕು. ಇಷ್ಟಗಲ, ಬೀರುವಿನ ಕನ್ನಡಿಯಷ್ಟೇ ಅಗಲ! ಓಡಿಹೋಗಿ ಬಾಗಿಲ ಹೊರಗೆ ನೋಡಿದೆ. ಮೆಟ್ಟಿಲು ಖಾಲಿ. ಮೋಡ ಅಂದ್ರೆ ಮೋಡ.

"ನೀವಾಗಿದ್ರೆ ಏನ್ ಮಾಡ್ತಿದ್ರಿ? ನಾನು ಏನೂ ನೋಡಿಲ್ಲ ಅನ್ನೋ ಹಾಗೆ ಮನೆಗೆ ಹೋದೆ. ಮಾರನೇ ದಿನವೂ ಅದೇ. ಮೂರನೇ ದಿನವೂ ಅದೇ. ಆನೆ ಕತ್ತಲಲ್ಲಿ, ಗಣಪ ಕತ್ತಲಲ್ಲಿ, ಬೋಳು ಕಲ್ಲು ಮಾತ್ರ ಬೆಳ್ಳಗೆ. ನಾನು ಏನ್ ಹೇಳಿದ್ರೂ ಜನ ಅದನ್ನೇ ನೋಡೋರು. ಆಗಿನ ಮೇಲ್ವಿಚಾರಕರು ಕರೆದು ಬೈದ್ರು, 'ಏನಯ್ಯಾ, ಇರೋ ಎಂಟು ಬಿಟ್ಟು ಇಲ್ಲದ್ದು ತೋರಿಸ್ತೀಯಂತೆ? ನಾಳೆ ಸರಿ ಹೋಗದಿದ್ರೆ ಬರಲೇಬೇಡ.' ಮನೆಗೆ ಬಂದು ಬೀರುವಿನ ಮುಂದೆ ನಿಂತ್ಕೊಂಡೆ. ಕನ್ನಡೀಲಿ ನನ್ನ ಮುಖ ನೋಡ್ತಾ ನಿಂತಾಗ ಅರ್ಥ ಆಯ್ತು, ಸ್ವಾಮಿ. ಆಗ ಅರ್ಥ ಆಯ್ತು... ಅವಳು ಈ ಚಾವಣಿ ನೋಡೇ ಇರಲಿಲ್ಲ."

ಅಜ್ಜನ ದನಿ ಇಳಿಯಿತು. ಎಲ್ಲರೂ ಮುಂದಕ್ಕೆ ಬಾಗಿದರು.

"ಹೆಂಗೆ ನೋಡ್ತಾಳೆ? ಬೆಳಕು ಇರಬೇಕಾದ್ರೆ ಅವಳು ಹೊರಗಿರಬೇಕು. ಅವಳು ಒಳಗೆ ಬಂದ್ರೆ ಬೆಳಕಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ದಿನ, 'ಏ, ಕನ್ನಡಿ ನಾನು ಹಿಡ್ಕೋತೀನಿ, ನೀನು ಒಳಗೆ ಹೋಗಿ ನೋಡ್ಕೊಂಡು ಬಾ' ಅಂದಿದ್ರೆ ನನ್ನ ಗಂಟೇನು ಹೋಗ್ತಿತ್ತು? ಎಲ್ಲೆಲ್ಲಿಂದಲೋ ಬಂದ ಸಾವಿರಾರು ಜನಕ್ಕೆ ತೋರಿಸಿದೆ, ಅವಳಿಗೆ ತೋರಿಸಲಿಲ್ಲ. ಅವಳಿಗೆ ಆನೆ ಅಂದ್ರೆ ನಾನು ಹೇಳಿದ ಆನೆ. ಗಣಪ ಅಂದ್ರೆ ನಾನು ಹೇಳಿದ ಗಣಪ. ಎಂಟು ಕಲ್ಲು ಅವಳು ಕಿವೀಲೇ ನೋಡಿದ್ಲು. ಒಂಬತ್ತನೇದಕ್ಕೆ ನಾನು ಬಾಯಿ ಬಿಡಲಿಲ್ಲ, ಅದೊಂದು ಅವಳಿಗೆ ಕಾಣಲೇ ಇಲ್ಲ. ಅದಕ್ಕೇ ದಿನಾ ಕೇಳ್ತಿದ್ದಿದ್ದು... ದಡ್ಡ ನಾನು, ಹಟ ಅಂದ್ಕೊಂಡೆ."

ಹಸಿರು ಶಾಲಿನವರು ಶಾಲಿನ ಅಂಚಿನಿಂದ ಮೂಗು ಒತ್ತಿಕೊಂಡರು. ಅವರ ಕನ್ನಡಕದ ದಪ್ಪ ಗಾಜಿನಲ್ಲಿ ಚಿಕ್ಕದೊಂದು ಬಿಳಿ ಚುಕ್ಕೆ ಹೊಳೆಯುತ್ತಿತ್ತು.

"ಮಾರನೇ ದಿನ ಬಂದೆ. ಜನ ಇದ್ರು, ಮೇಲ್ವಿಚಾರಕರೂ ಇದ್ರು. ಯಾರನ್ನೂ ನೋಡದೆ ಬಾಗಿಲ ಕಡೆ ಮುಖ ಮಾಡಿ ನಿಂತು, ಬೋಳು ಕಲ್ಲಿನ ಕತೆ ಹೇಳಿದೆ. ಹೇಳ್ತಾ ಹೇಳ್ತಾ ಒಂದು ಕಡೆ ಸ್ವಲ್ಪ ಜಾಸ್ತೀನೇ ಸೇರಿಸಿದೆ ಅನ್ಸತ್ತೆ, ಬೆಳಕು ಗಲಗಲ ಅಲುಗ್ತು. ನಂಗೆ ಅಳು ಬಂತು, ನಗೂನೂ ಬಂತು. ಮುಗಿಸಿದ್ಮೇಲೆ ಆ ಬೆಳಕು ತಾನೇ ಹೊರಟು ಒಂದನೇ ಕಲ್ಲಿಗೆ ಹೋಯ್ತು, ಎರಡನೇದಕ್ಕೆ, ಮೂರನೇದಕ್ಕೆ... ಎಂಟೂ ಮುಟ್ಟಿ, ಬಾಗಿಲಿಂದ ಹೊರಗೆ ಹೋಯ್ತು. ಜನ 'ಆಹಾ' ಅಂದ್ರು. ಮೇಲ್ವಿಚಾರಕರು, 'ಕನ್ನಡಿ ಹಿಡಿಯೋಕೆ ಹೊಸಬರು ಬಂದ್ರಾ? ಕೈ ಚೆನ್ನಾಗಿದೆ' ಅಂದ್ರು."

"ಏನ್ ಕತೆ ಅದು? ಬೋಳು ಕಲ್ಲಿಂದು?" ಡ್ರೈವರ್ ತಡೆಯಲಾರದೆ ಕೇಳಿದ.

"ಇರಪ್ಪ, ನಿನ್ನ ಬಸ್ಸು ಎಲ್ಲೂ ಓಡಿಹೋಗಲ್ಲ. ಆವತ್ತಿಂದ ದಿನಾ ಕೊನೇಲಿ ಆ ಕತೆ ಹೇಳಲೇಬೇಕು. ಒಂದೇ ಒಂದು ಸಲ ತಪ್ಪಿಸಿದೆ. ಜನಕ್ಕೆ ಹೊರಡೋ ಅವಸರ, ನಂಗೂ ಮೈ ಸರಿ ಇರಲಿಲ್ಲ, ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ನಾಳೆ! ಮತ್ತೆ ಅದೇ ಮಾತು ನೋಡಿ. ಮನೆಗೆ ನಡೀತಾ ಇದ್ರೆ ಪಕ್ಕದ ಗೋಡೆ ಮೇಲೆ ಇಷ್ಟಗಲ ಬೆಳಕು ನನ್ನ ಜೊತೆಗೇ ಬರ್ತಿದೆ. ನಿಂತ್ರೆ ನಿಲ್ತದೆ. ಅಂಗಡಿ ಬಾಗಿಲ ಮೇಲೆ, ನಿಂತಿದ್ದ ಗಾಡಿ ಮೇಲೆ, ನಮ್ಮನೆ ಮೆಟ್ಟಿಲ ಮೇಲೆ... ಒಳಗೆ ಬಂದು ಮಂಚದ ಮೇಲಿನ ಗೋಡೇಲಿ ನಿಂತ್ಕೊಂಡ್ತು. ಹೊದ್ದಿಕೆ ಎಳ್ಕೊಂಡೆ. ಹೊದ್ದಿಕೆಯೊಳಗೂ ಬೆಳ್ಳಗೇ ಇತ್ತು, ಸ್ವಾಮಿ. ಕಣ್ಣು ಮುಚ್ಚಿದ್ರೂ ಬೆಳ್ಳಗೇ. ಬೆಳಗಾಗ್ತಿದ್ದ ಹಾಗೆ ಓಡಿಬಂದು, ಯಾರೂ ಇಲ್ಲದ ಈ ಮಂಟಪದಲ್ಲಿ ನಿಂತು ಹೇಳಿದೆ. ಆಮೇಲೆ ಕತ್ತಲಾಯ್ತು. ಎಷ್ಟು ತಂಪಾಗಿತ್ತು ಆ ಕತ್ತಲು!

"ಬೆಳಕು ಬಂದು ನಿಲ್ಲೋದು ಆ ಒಂದು ಕಲ್ಲಿಗೆ. ಉಳಿದದ್ದಕ್ಕೆ ಕೈ ಬೇಕಲ್ಲ, ಅದಕ್ಕೆ ಕನ್ನಡೀನ ಮತ್ತೆ ಬೀರುವಿಂದ ಬಿಚ್ಚಿ ತಂದೆ. ಇವಳಮ್ಮ ಹಿಡಿದ್ಲು, ಈಗ ಇವಳು ಹಿಡೀತಾಳೆ. ಚೆನ್ನಾಗೇ ಹಿಡೀತಾಳೆ. ಆದರೆ ಮೂರು ತಿಂಗಳ ಹಿಂದೆ ಒಂದು ದಿನ ಕೈ ಸೋತು, ಕೊನೇ ಕಲ್ಲಿನ ಹೊತ್ತಿಗೆ ಕನ್ನಡೀನ ಗೋಡೆಗೆ ಒರಗಿಸಿಟ್ಟು ಕೈ ನೀವ್ಕೊಂಡ್ಲು. ನಂಗೆ ಕಣ್ಣು ಕಾಣಲ್ಲ, ಗೊತ್ತಾಗಲ್ಲ ಅಂದ್ಕೊಂಡಿದ್ಲು. ಅಲ್ವೇನೇ?"

ಅದನ್ನು ನಾನು ಅಮ್ಮನಿಗೂ ಹೇಳಿರಲಿಲ್ಲ. ಕನ್ನಡಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಒಳಗಿದ್ದವರ ಕತ್ತುಗಳು ಮಾತ್ರ ಮೂಲೆಯ ಕಲ್ಲಿನತ್ತ ಹಾಗೆಯೇ ವಾಲಿದ್ದವು, ಅಜ್ಜ ಕತೆ ಮುಗಿಸುವವರೆಗೂ. ಜನ ರೂಢಿಯ ಮೇಲೆ ನೋಡುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

"ಆಯ್ತು" ಎಂದರು ಅಜ್ಜ. "ಈಗ ನೀವು ಒಂದು ಹೇಳಬೇಕು. ನಂಗೆ ಎಲ್ಲಾ ಮಂಜು. ಆ ಬೋಳು ಕಲ್ಲು ನಿಮಗೆ ಕಾಣ್ತಿದ್ಯಾ?"

"ಕಾಣ್ತಿದೆ" ಎಂದರು ಹಸಿರು ಶಾಲಿನವರು. "ಆಗಿಂದ ಅದನ್ನೇ ನೋಡ್ತಿದೀನಿ."

"ಅಂಚಿನ ಗೆರೆ?"

"ಅದೂ ಕಾಣ್ತಿದೆ" ಎಂದ ಡ್ರೈವರ್. "ಎಡಗಡೆ ಸ್ವಲ್ಪ ಚಕ್ಕೆ ಎದ್ದಿದೆ. ಹುಡುಗಿ ಚೆನ್ನಾಗಿ ಹಿಡಿದಿದಾಳೆ, ಒಂಚೂರೂ ಅಲುಗ್ತಿಲ್ಲ."

"ಸರಿ" ಎಂದರು ಅಜ್ಜ. "ಹೊರಗೆ ಬಿಸಿಲು ಬಂತೇನು?"

ಮಳೆ ಸುರಿಯುತ್ತಲೇ ಇತ್ತು.

ಮೊದಲು ತಿರುಗಿದವರು ಮೇಲ್ವಿಚಾರಕರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಾಗಿಲ ಕಡೆ, ನನ್ನ ಕಡೆ ತಿರುಗಿದರು. ನನ್ನ ತೊಡೆಯ ಮೇಲೆ ಕನ್ನಡಿ ಕಂಬಳಿಯೊಳಗೆ ಇತ್ತು. ಎರಡು ಗಂಟೂ ಹಾಗೇ ಇದ್ದವು.

"ಇವತ್ತಿಂದು ಇನ್ನೂ ಹೇಳಿಲ್ಲ" ಎಂದರು ಅಜ್ಜ. ಈಗ ಅವರು ಮಾತಾಡುತ್ತಿದ್ದದ್ದು ನನ್ನ ಜೊತೆ ಮಾತ್ರ. "ನಾನು ಇನ್ನೆಷ್ಟು ದಿನ ಹೇಳ್ತೀನಿ, ಮಗಾ? ನಿಂಗೆ ಬಾಯಿಪಾಠ ಇದೆ, ನಂಗೊತ್ತು. ಆರು ವರ್ಷದಿಂದ ಅಲ್ಲೇ ಕೂತು ಕೇಳಿದೀಯ."

ನಾನು ಅಡ್ಡಡ್ಡ ತಲೆಯಾಡಿಸಿದೆ. ಅಷ್ಟು ಜನರ ಮುಂದೆ ಆಗುವುದಿಲ್ಲ ಎಂದು ಹೇಳಬೇಕಿತ್ತು. ಅದನ್ನು ಹೇಳಲೂ ಬಾಯಿ ಬೇಕಲ್ಲ.

"ಇವರಿಗೆ ಹೇಳಬೇಡ. ಜೋರಾಗೂ ಹೇಳಬೇಡ" ಎಂದರು ಅಜ್ಜ. "ಮೆಲ್ಲಗೆ ಹೇಳಿದ್ರೆ ಸಾಕು. ಅವಳು ನಿನ್ನ ಪಕ್ಕದಲ್ಲೇ ಕೂತಿದಾಳೆ."

ನಾನು ತಿರುಗಿ ನೋಡಿದೆ. ಇರಚಲಿಗೆ ಮೆಟ್ಟಿಲು ಈ ತುದಿಯಿಂದ ಆ ತುದಿಯವರೆಗೆ ನೆನೆದು ಕಪ್ಪಾಗಿತ್ತು, ನನ್ನ ಸೆರಗೂ ನೆನೆದಿತ್ತು. ನನ್ನ ಎಡಕ್ಕೆ, ಒಬ್ಬರು ಕೂರುವಷ್ಟು ಕಲ್ಲು ಒಣಗಿತ್ತು.

ನಾನು ಸ್ವಲ್ಪ ಬಲಕ್ಕೆ ಸರಿದು ಕೂತೆ. ಒಳಗೆ ನೋಡಲಿಲ್ಲ. ಪಕ್ಕದವರಿಗೆ ಕೇಳಿಸುವಷ್ಟೇ ದನಿಯಲ್ಲಿ, ಒಂಬತ್ತನೆಯ ಕಲ್ಲಿನ ಕತೆಯನ್ನು ಶುರುಮಾಡಿದೆ.